ಕಾಗದದ ಹಳ್ಳ

ಹಳ್ಳದ ಜಾಗ ಒತ್ತುವರಿಯಾಗಿದೆಯೆಂದು ಹೊಳೆದಂಡೆಯ ಅರ್ಧ ಕೇರಿಯನ್ನು ಸೋಮವಾರ ಕೆಡವಿದರು. ಅಲ್ಲಿ ಹಳ್ಳವೇ ಇರಲಿಲ್ಲ.

ಹೊಸ ನಕ್ಷೆ ತೆಗೆಯುವ ಕೆಲಸ ಸರ್ವೆ ಕಚೇರಿಯಲ್ಲಿ ಹಳೇ ನಕ್ಷೆಗಳ ನಕಲು ತೆಗೆಯುವ ಟ್ರೇಸರಮ್ಮನ ಪಾಲಿಗೆ ಬಂತು. ಗಾಜಿನ ಮೇಜಿನ ಕೆಳಗೆ ದೀಪ ಹಾಕಿ, ಅದೇ ಹೊಳೆಯ ಮೂರು ಕಾಲದ ಮೂರು ನಕ್ಷೆಹಾಳೆಗಳನ್ನು ಒಂದರ ಮೇಲೊಂದು ಹರವಿದಳು. ಮೂರು ಹೊಳೆಗಳು ಒಟ್ಟಿಗೇ ಬೆಳಗಿದವು. ಅಜ್ಜಂದಿರ ಕಾಲದ್ದು ಗುಡ್ಡದ ಬುಡಕ್ಕೆ ಒರಗಿತ್ತು. ನಡುವಿನದು ನಿದ್ದೆಯಲ್ಲಿ ಮಗ್ಗುಲು ಬದಲಿಸಿದಂತೆ ಬಯಲಿಗೆ ಹೊರಳಿತ್ತು. ಈಗಿನದು ಮೊಣಕಾಲು ಮಡಚಿ ಕೇರಿಯನ್ನು ಮಡಿಲಲ್ಲಿಟ್ಟುಕೊಂಡಿತ್ತು. ತೋಪಿದ್ದಲ್ಲಿ ಮರಳು, ಮರಳಿದ್ದಲ್ಲಿ ಮನೆ. ನೋಡುತ್ತ ನೋಡುತ್ತ ಅವಳಿಗೆ ಜೋಂಪು ಹತ್ತಿದಂತಾಯಿತು; ಸೂರುಗಳ ಮೇಲೆ ಮೀನುಗಳು ಸುಳಿದಂತೆ ಕಂಡಿತು.

ಹಳ್ಳ ಮಾತ್ರ ಎಲ್ಲೂ ಹೊರಳಿರಲಿಲ್ಲ. ಮನೆ ಕೆಡವಲು ಆಧಾರವಾದ ನಡುವಿನ ಹಾಳೆಯಲ್ಲಿ ಅಂಚಿನಿಂದ ಅಂಚಿಗೆ ನೆಟ್ಟಗೆ ಹರಿದಿತ್ತು. ಅದರಡಿಯ ಹಳೇ ಹಾಳೆಯಲ್ಲಿ ಅದೇ ಜಾಗಕ್ಕೆ ಶಾಯಿಯೇ ಇಲ್ಲ; ಮಡಚಿ ಮಡಚಿ ಕಾಗದ ಸವೆದ ಗೆರೆ. ಹಿಂದಿನ ಯಾವನೋ ಟ್ರೇಸರು ಮಡಿಕೆಯನ್ನೇ ಹಳ್ಳವೆಂದುಕೊಂಡು ನೀಲಿ ಹರಿಸಿಬಿಟ್ಟಿದ್ದ.

ಬೆಳಿಗ್ಗೆ ಕಚೇರಿಯ ಕಿಟಕಿಯ ಹತ್ತಿರ ಬಂದಿದ್ದ, ಕೇರಿಯಲ್ಲಿ ಹೊಳೆ ದಾಟಿಸುವ ದೋಣಿಯಜ್ಜಿ ನಕ್ಕಿದ್ದಳು: "ಎಲ್ಲಿದೆ ತಾಯಿ ಆ ಹಳ್ಳ? ತೋರ್ಸು, ಕಾಲಾದ್ರೂ ತೊಳ್ಕೊಂಡು ಹೋಗ್ತೀನಿ." ಹಾಗೆ ನಕ್ಕವಳ ಮನೆ ಸೋಮವಾರವೇ ಬಿದ್ದಿತ್ತು.

"ಸಾರ್, ಇದು ಮಡಿಕೆ." ಟ್ರೇಸರಮ್ಮ ಕಚೇರಿಯ ಸಾಹೇಬರನ್ನು ಕರೆದು ತೋರಿಸಿದಳು.

ಸಾಹೇಬರು ಮೇಜಿನ ಮೇಲೆ ಬಗ್ಗಿದರು. ಅವರ ಗಲ್ಲದ ಮೇಲೂ ಒಂದು ಹೊಳೆಯ ನೆರಳು ಬಿತ್ತು.

"ಮಡಿಕೆನೇ ಕಣಮ್ಮ. ನನಗೇನು ಕಣ್ಣಿಲ್ವಾ?"

"ಮತ್ತೆ?"

"ಮತ್ತೇನು? ಹೊಸದ್ರಲ್ಲಿ ಹಳ್ಳ ಇಲ್ಲ ಅಂದ್ರೆ, ಮನೆ ಯಾಕೆ ಕೆಡವಿದ್ರಿ ಅಂತ ನನ್ನ ಕತ್ತು ಹಿಡೀತಾರೆ. ಇದ್ರೆ, ಉಳಿದ ಮನೆಗಳೂ ನಾಳೆ ಹೋಗ್ತವೆ, ಕೇಳೋರೂ ಇರಲ್ಲ. ಒಂದೇ ಒಂದು ಗೆರೆ. ನಿನ್ನ ಕೈ ಎಷ್ಟು ಚೆನ್ನಾಗಿದೆ, ಎಳೆದುಬಿಡು."

ಅವಳು ಹಾಳೆಗಳ ಅಂಚು ಸರಿಮಾಡಿದಳು.

"ಕೆಲಸ ಬೇಕೋ ಬೇಡ್ವೋ?"

"ಬೇಕು ಸಾರ್. ಮನೇಲಿ ದುಡಿಯೋಳು ನಾನೊಬ್ಬಳೇ."

"ಹಾಗಾದ್ರೆ ಎಳಿ." ಸಾಹೇಬರು ನೀಲಿ ಶಾಯಿಯ ದೌತಿಯನ್ನು ಅವಳ ಕಡೆ ಸರಿಸಿದರು.

ದೀಪದ ಕಾವಿಗೆ ಹಾಳೆಗಳು ಮೆಲ್ಲಗೆ ಉಸಿರಾಡುತ್ತಿದ್ದವು.

"ಎಳೆಯಲ್ಲ ಸಾರ್."

ಅವಳು ಕಪ್ಪು ಶಾಯಿಯಲ್ಲಿ ಲೇಖನಿ ಅದ್ದಿ, ಹೊಸ ನಕ್ಷೆಯಲ್ಲಿ ಕೇರಿಯ ಮನೆಗಳನ್ನು ಬರೆಯತೊಡಗಿದಳು. ಕೆಡವಿದವುಗಳಿಂದಲೇ ಶುರುಮಾಡಿದಳು.