ದುರಗವ್ವ ಪಾಸಾದದ್ದು

“ಬಿಚ್ಚಬೇ ಲಗೂ. ನಿನ್ನ ಮೈ ನೋಡಾಕ ಇಲ್ಲಿ ಯಾರಿಗೂ ಪುರಸೊತ್ತಿಲ್ಲ,” ಎಂದ ದಲಾಲಿ ಅಂಗಡಿಯ ಹಾಲೇಶಪ್ಪ, ಗೋದಾಮಿನ ಬಾಗಿಲಲ್ಲಿ ಬೆನ್ನು ತಿರುಗಿಸಿ ನಿಂತು. ಬೆನ್ನು ತಿರುಗಿಸಿದ್ದೇ ತಾನು ಕೊಟ್ಟ ದೊಡ್ಡ ಮರ್ಯಾದೆ ಎಂದು ಅವನು ತಿಳಿದಿದ್ದ.

ದುರಗವ್ವ ಸೆರಗನ್ನು ಎದೆಗೆ ಅವುಚಿಕೊಂಡು ನಿಂತೇ ಇದ್ದಳು. ಬೆಳಗಿನಿಂದ ಮೆಣಸಿನಕಾಯಿಯ ತೊಟ್ಟು ಮುರಿದು ಬೆರಳ ತುದಿಗಳು ಉರಿಯುತ್ತಿದ್ದವು.

“ಯಾಕ ಬಿಚ್ಚಬೇಕ್ರಿ ಸಾವಕಾರ್ರ?”

“ಆ ಹುಡುಗಿಗೆ ಉಡಸಾಕ. ಅಕಿ ಚೂಡಿದಾರ ಹಾಕ್ಕೊಂಡು ಬಂದಾಳ. ಚೂಡಿದಾರ ಹಾಕ್ಕೊಂಡು ತೊಟ್ಟು ಮುರಿಯಾಕಿನ್ನ ಎಲ್ಲೆರ ನೋಡೀಯೇನು? ಬೆಂಗಳೂರಿಂದ ಪರೀಕ್ಷಾ ಮಾಡಾಕ ಬರೋ ಮೇಡಂಗ ಅಷ್ಟೂ ತಿಳಿಯಂಗಿಲ್ಲೇನು? ಬಿಚ್ಚು, ಇಲ್ಲಾಂದ್ರ ನಾಳಿಂದ ಈ ಕಡೆ ಮುಖ ಹಾಕಬ್ಯಾಡ, ರಂಡೆ.”

ಹುಡುಗಿಯ ಹೆಸರು ರೇಣುಕಾ. ಕಾಲೇಜಿನಲ್ಲಿ ಓದುತ್ತಿದ್ದಳು. ಮೂಲೆಯಲ್ಲಿ ಕಾಲ ಹೆಬ್ಬೆರಳನ್ನೇ ನೋಡುತ್ತ ನಿಂತಿದ್ದಳು. ಅವಳ ಜೊತೆ ಇನ್ನೂ ಕೆಲವು ಹುಡುಗಿಯರು ಬಂದಿದ್ದರು. ಇವತ್ತೊಂದು ದಿನ ಅವರೆಲ್ಲ ಮೆಣಸಿನಕಾಯಿ ಕೂಲಿಯ ಹೆಂಗಸರು. ರೇಣುಕಾ ಇವತ್ತು ದುರಗವ್ವ.

ತೊಂಬತ್ತೆರಡರ ಚಳಿಗಾಲ ಅದು. ಬ್ಯಾಡಗಿಯ ಕೂಲಿ ಹೆಂಗಸರೆಲ್ಲ ಓದುಬರಹ ಕಲಿತಿದ್ದಾರೆ ಎಂದು ತಾಲೂಕಿನ ಸಾಕ್ಷರತಾ ಸಂಯೋಜಕ ಗಿರಿಯಪ್ಪ ಎಂದೋ ವರದಿ ಕಳಿಸಿಯಾಗಿತ್ತು. ಕಲಿತದ್ದು ಎಷ್ಟು, ಇನ್ನೂ ಕಲಿಯಬೇಕಾದ್ದು ಏನು ಎಂದು ಅಳೆಯಲು ಬೆಂಗಳೂರಿನಿಂದ ಒಬ್ಬ ಮೇಡಂ ಬರುವವರಿದ್ದರು. ಅಳತೆ ಎಂದರೆ ಹಾಲೇಶಪ್ಪನಿಗೆ ಹೊಸದೇನಲ್ಲ. ತಕ್ಕಡಿಯನ್ನು ಯಾವಾಗ ಎತ್ತ ಬಾಗಿಸಬೇಕೆಂದು ಅವನ ಕಿರುಬೆರಳಿಗೂ ಗೊತ್ತಿತ್ತು. ಅದಕ್ಕೇ ಗಿರಿಯಪ್ಪ ನೇರವಾಗಿ ಅವನ ಅಂಗಡಿಗೇ ಬಂದಿದ್ದ.

ಕಲಿಕೆ ಶುರುವಾದ ದಿನವೇನೋ ಹಾರ, ಭಾಷಣ, ಪೇಢೆ ಎಲ್ಲ ಆಗಿತ್ತು. ಕಲಿಸುವ ಕೆಲಸ ಹಾಲೇಶಪ್ಪನ ತಂಗಿಯ ಮಗನಿಗೆ ಸಿಕ್ಕಿತು. ಹೆಂಗಸರ ಕೈ ಬಿಡುವಾಗುವ ಹೊತ್ತಿಗೆ ಅವನು ಸಿನಿಮಾ ಟಾಕೀಸಿನಲ್ಲಿರುತ್ತಿದ್ದ. ಸರಕಾರ ಕೊಟ್ಟ ಕಂದೀಲು ಲಾರಿಗೆ ಚೀಲ ಹೇರುವಲ್ಲಿ ಉರಿಯತೊಡಗಿತು. ದುರಗವ್ವ ಮಾತ್ರ ಪಾಟಿ-ಬಳಪ ಹಿಡಿದು ತಿಂಗಳುಗಟ್ಟಲೆ ಕಟ್ಟೆಯ ಮೇಲೆ ಕಾದಳು. ಅವಳಿಗೆ ದಕ್ಕಿದ್ದು ಒಂದೇ ಒಂದು ಅಕ್ಷರ, ಅವಳ ಹೆಸರಿನ ದ. ಅದರ ಪಕ್ಕ ಹಚ್ಚಬೇಕಾದ ಕೊಂಬನ್ನು ನಾಳೆ ಹೇಳಿಕೊಡುತ್ತೇನೆ ಎಂದಿದ್ದ ಹುಡುಗ ಮತ್ತೆ ಬರಲಿಲ್ಲ.

ದುರಗವ್ವ ಸೀರೆ ಬಿಚ್ಚಿಕೊಟ್ಟಳು. ಒಂದು ಖಾಲಿ ಗೋಣಿಚೀಲ ಹರಿದು ಮೈಗೆ ಸುತ್ತಿಕೊಂಡಳು. ಉಳಿದ ಹೆಂಗಸರೂ ತಮ್ಮ ಸೀರೆ ಕೊಟ್ಟು ಹಾಗೇ ಸುತ್ತಿಕೊಂಡು, ಒಂದರ ಮೇಲೊಂದು ಒಟ್ಟಿದ ಚೀಲದ ಥಪ್ಪಿಯ ಹಿಂದೆ ಕುಳಿತರು. ಗಿರಿಯಪ್ಪ ಹುಡುಗಿಯರಿಗೆ ಕೊನೆಯ ಪಾಠ ಹೇಳುತ್ತಿದ್ದ.

“ಗಡಗಡ ಓದಬ್ಯಾಡ್ರಿ. ತಡದು ತಡದು ಓದ್ರಿ. ನಡನಡುವ ತಪ್ಪರಿ. ಯಾರೂ ಫಸ್ಟ್ ಕ್ಲಾಸ್ ಬಂದು ನನ್ನ ಹಾಳ ಮಾಡಬ್ಯಾಡ್ರಿ.”

ಜೀಪು ಬಂತು. ಮೇಡಂ ಇಳಿದರು. ಗೋದಾಮಿನ ಮುಂದಿನ ಶಾಮಿಯಾನದಲ್ಲಿ ಎಳನೀರು ಕುಡಿದು ಒಬ್ಬೊಬ್ಬರನ್ನೇ ಕರೆಯತೊಡಗಿದರು.

“ಮಕ್ತುಮಬಿ.”

“ಹಾಜರ್,” ಎಂದಳು ಹಣೆ ತುಂಬ ಕುಂಕುಮ ಹಚ್ಚಿದ್ದ ಒಬ್ಬ ಹುಡುಗಿ.

ಥಪ್ಪಿಯ ಸಂದಿಯಿಂದ ಇಣುಕುತ್ತಿದ್ದ ಖರೇ ಮಕ್ತುಮಬಿ ಬಾಯಿಗೆ ಗೋಣಿ ತುರುಕಿಕೊಂಡು ನಕ್ಕಳು. “ಏ ದುರಗಿ, ನನ್ನ ಜಾತೀನ ಕೆಡಿಸಿಬಿಟ್ಟರಲೇ ಈ ಭಾಡ್ಕಾವ್‌ಗಳು. ನಮ್ಮ ಮನ್ಯಾವರಿಗೆ ಏನಂತ ಹೇಳಲಿ?”

ಮೇಡಂ ಹಣೆಗೂ ಹೆಸರಿಗೂ ತಾಳೆ ನೋಡಲಿಲ್ಲ. ಓದಿಸಿ, ಅಂಕ ಹಾಕಿ ಮುಂದಕ್ಕೆ ಹೋದರು.

“ದುರಗವ್ವ.”

ಕತ್ತಲಲ್ಲಿ ಕುಳಿತಿದ್ದ ದುರಗವ್ವನ ಬಾಯಿಂದ “ಓ” ಎನ್ನುವುದು ಅರ್ಧ ಹೊರಬಂದೇ ಬಿಟ್ಟಿತು. ಅಷ್ಟರಲ್ಲಿ ರೇಣುಕಾ ಎದ್ದು ನಿಂತಿದ್ದಳು. ಮೆಣಸಿನ ಘಾಟು ಹಿಡಿದ ಸೀರೆ ಅವಳನ್ನು ಸುಮ್ಮನೆ ಬಿಡಲಿಲ್ಲ. ಸೀನಿದಳು, ಕತ್ತು ಕೆರೆದುಕೊಂಡಳು, ಮತ್ತೆ ಸೀನಿದಳು. ಸೀನಿನ ನಡುವೆ ತಡೆದು ತಡೆದು ಓದಿದಳು. ಗಿರಿಯಪ್ಪನ ಮುಖ ಅರಳಿತು. ಇಷ್ಟು ಚೆನ್ನಾಗಿ ಯಾರೂ ತಪ್ಪಿರಲಿಲ್ಲ.

“ಭೇಷ್. ಇನ್ನು ಮುಂದೆ ನಿಮಗೆ ಏನು ಓದಬೇಕು ಅಂತ ಆಸೆ ಇದೆ, ದುರಗವ್ವ?”

“ಮಹಾಪುರುಷರ ಚರಿತ್ರೆ ಓದಬೇಕಂತ ಆಸೆ ಐತ್ರಿ.”

“ತರಗತಿ ಇನ್ನೂ ಬೇಕಾ?”

“ಬ್ಯಾಡ್ರಿ. ಎಲ್ಲಾ ಓದಾಕ ಬರತೈತ್ರಿ.”

ದುರಗವ್ವನಿಗೆ ಮಹಾಪುರುಷರು ಬೇಕಾಗಿರಲಿಲ್ಲ, ಬಸ್ಸಿನ ಬೋರ್ಡು ಬೇಕಾಗಿತ್ತು. ಹೋದ ವರ್ಷ ದೇವರಗುಡ್ಡದಲ್ಲಿ ಅವಳ ಅಕ್ಕ ಉಚ್ಚಂಗೆವ್ವ ತೀರಿಕೊಂಡಾಗ ರಾಣೆಬೆನ್ನೂರಿನ ಸ್ಟ್ಯಾಂಡಿನಲ್ಲಿ ನಿಂತು, ಇಸ್ತ್ರಿ ಅಂಗಿಯ ಒಬ್ಬನನ್ನು ದೇವರಗುಡ್ಡದ ಬಸ್ಸು ಯಾವುದೆಂದು ಕೇಳಿದ್ದಳು. ಅವನು ಗೆಳೆಯರಿಗೆ ಕಣ್ಣು ಹೊಡೆದು ಒಂದು ಬಸ್ಸು ತೋರಿಸಿದ. ಅದು ಹಿರೇಕೆರೂರಿನದು. ಅಳುತ್ತ ಕುಳಿತವಳಿಗೆ ಅದು ತಿಳಿದಾಗ ಬಸ್ಸು ಬಹಳ ದೂರ ಬಂದಿತ್ತು. ಕಂಡಕ್ಟರ್ ಬೈದು ನಡುದಾರಿಯಲ್ಲಿ ಇಳಿಸಿದ. ಅವಳು ದೇವರಗುಡ್ಡ ಮುಟ್ಟುವ ಹೊತ್ತಿಗೆ ಅಕ್ಕನ ಮೇಲೆ ಮಣ್ಣು ಬಿದ್ದಿತ್ತು. ಒಡಹುಟ್ಟಿದವಳ ಮುಖ ನೋಡಲು ಸಿಗಲಿಲ್ಲ.

ಅಂಥ ದುರಗವ್ವನಿಗೆ ಶಾಲೆ ಬೇಡವಂತೆ. ದುರಗವ್ವನೇ ಹೇಳಿದಳಂತೆ.

ಅವಳು ಗೋಣಿಯನ್ನು ಬಗಲಲ್ಲಿ ಬಿಗಿದು ಎದ್ದಳು. ಮಕ್ತುಮಬಿ ಕೈ ಹಿಡಿದೆಳೆದರೂ ನಿಲ್ಲಲಿಲ್ಲ. ಬಿಸಿಲಿಗೆ ಬಂದು ಶಾಮಿಯಾನದ ನಡುವೆ ನಿಂತಳು. ಗಿರಿಯಪ್ಪ ಕುರ್ಚಿ ಬಿಟ್ಟು ಹಾರಿದ.

“ಒಳಗ ನಡೀಬೇ. ಹುಚ್ಚಿ ಅದಾಳ್ರಿ ಮೇಡಂ. ತಲಿ ಸರಿ ಇಲ್ಲ.”

“ತಲಿ ಸರಿ ಐತ್ರಿ. ಸೀರಿ ಇಲ್ಲ,” ಎಂದಳು ದುರಗವ್ವ. “ಅಕಿ ಉಟ್ಟಿದ್ದು ನನ್ನ ಸೀರಿ. ಅಕಿ ಹೇಳಿದ್ದು ನನ್ನ ಹೆಸರು. ನಾನ್ರಿ ದುರಗವ್ವ.”

ರೇಣುಕಾ ಮುಖ ಮುಚ್ಚಿಕೊಂಡು ಅಳತೊಡಗಿದಳು. ಮೇಡಂ ಇವಳನ್ನು ನೋಡಿದರು, ಅವಳನ್ನು ನೋಡಿದರು, ಆಮೇಲೆ ಕೈಗಡಿಯಾರ ನೋಡಿದರು.

“ಗಿರಿಯಪ್ಪನವರೇ, ಏನಿದು? ಮಧ್ಯಾಹ್ನ ನಾನು ಹಾವೇರಿಯಲ್ಲಿರಬೇಕು.” ಆಮೇಲೆ ದುರಗವ್ವನ ಕಡೆ ತಿರುಗಿ ಮೆತ್ತಗೆ ಹೇಳಿದರು, “ನೋಡಮ್ಮಾ, ಗಾಬರಿ ಆಗಬೇಡ. ನೀನು ಪಾಸಾಗಿದ್ದೀಯ.”

“ನಾನ?”

“ಹೌದು. ಒಳ್ಳೇ ಅಂಕ ಬಂದಿದೆ.”

“ಹಂಗಾರ ನನ್ನ ಫೇಲ್ ಮಾಡ್ರಿ.”

ಚಹಾದ ತಟ್ಟೆ ಹಿಡಿದು ಬರುತ್ತಿದ್ದ ಹಾಲೇಶಪ್ಪ ಅಲ್ಲೇ ನಿಂತ. “ಏ ಹಾಟ್ಯಾಳ, ನಾಳಿಂದ ಕೂಲಿಗೆ ಬಂದಿ ಅಂದ್ರ ಕಾಲ ಮುರೀತೀನಿ ನೋಡು.”

“ನಾಳಿನ ಮಾತು ನಾಳಿಗಿರ್ಲಿ ಸಾವಕಾರ್ರ. ಇವತ್ತ ಇನ್ನೂ ಇಲ್ಲೇ ಅದೀನಿ,” ಎಂದು ದುರಗವ್ವ ಮೇಡಂ ಎದುರಿಗೆ ಚಕ್ಕಳಮಕ್ಕಳ ಹಾಕಿ ಕುಳಿತಳು. “ಒಂದು ಹಾಳಿ, ಪೆನ್ಸಿಲ್ ಕೊಡ್ರಿ.”

ಮೇಡಂ ಕೊಟ್ಟರು. ಕೊಡದೆ ಇರುವುದು ಹೇಗೆಂದು ಅವರಿಗೆ ತಿಳಿಯಲಿಲ್ಲ.

ದುರಗವ್ವ ಪೆನ್ಸಿಲ್ಲನ್ನು ಮೆಣಸಿನಕಾಯಿ ಹಿಡಿದಂತೆ ಹಿಡಿದು, ಹಾಳೆಗೆ ಮೂಗು ತಾಗುವಷ್ಟು ಬಾಗಿ ಒಂದು ದ ಬರೆದಳು. ಹೊಟ್ಟೆ ಉಬ್ಬಿದ, ಸೊಟ್ಟ ದ. ಅದರ ಮುಂದೆ ಬರೆಯಲು ಅವಳಿಗೆ ಏನೂ ಗೊತ್ತಿರಲಿಲ್ಲ. ಹಾಳೆ ಚಾಚಿದಳು. ಅದರ ತುಂಬ ಕೆಂಪು ಬೆರಳ ಗುರುತು.

“ಇಷ್ಟ ಕಲಿಸ್ಯಾರ. ಇದಕ್ಕ ಎಷ್ಟು ಬರತಾವ ಅಷ್ಟು ಹಾಕ್ರಿ.”

“ಇದಕ್ಕೆ ಅಂಕ ಇಲ್ಲಮ್ಮಾ.”

“ಇಲ್ಲಂದ್ರ ಇಲ್ಲಂತ ಬರೀರಿ.”

ಗಿರಿಯಪ್ಪ ಮೇಡಂ ಕಿವಿಯ ಹತ್ತಿರ ಬಾಗಿ ಏನೋ ಪಿಸುಗುಟ್ಟಿದ. ಹಾವೇರಿ, ಊಟ, ಮೇಲಿನವರು ಎಂಬ ಮಾತುಗಳು ಮಾತ್ರ ಕೇಳಿದವು. ಮೇಡಂ ಪೆನ್ನು ತೆರೆದರು, ಮುಚ್ಚಿದರು, ಮತ್ತೆ ತೆರೆದರು. ಕಣ್ಣು ಕದಲಿಸದೆ ಕುಳಿತ ಹೆಂಗಸಿನ ಎದುರು ಬೇರೆ ದಾರಿ ಕಾಣದೆ ಕೊನೆಗೆ ಹಾಳೆಯ ಮೂಲೆಯಲ್ಲಿ ಒಂದು ಸೊನ್ನೆ ಸುತ್ತಿದರು.

ದುರಗವ್ವ ಅದನ್ನು ತಿರುಗಿಸಿ ಮುರುಗಿಸಿ ನೋಡಿದಳು. ಪೂರಾ ಗುಂಡಗಿತ್ತು.

“ಫೇಲಾದವರಿಗೆ ಸಾಲಿ ಯಾವತ್ತಿಂದ್ರಿ?”

ಗಿರಿಯಪ್ಪ ಜೀಪಿನ ಕಡೆ ನೋಡಿದ. ಡ್ರೈವರ್ ಹಾರ್ನ್ ಬಾರಿಸಿದ. ದುರಗವ್ವ ಕುಳಿತಲ್ಲಿಂದ ಏಳಲಿಲ್ಲ. ಕುತ್ತಿಗೆ ಹೊರಳಿಸಿ ಗೋದಾಮಿನ ಕತ್ತಲಿಗೆ ಕೂಗಿ ಹೇಳಿದಳು.

“ಅಲ್ಲೇನು ಕುಂತೀರಬೇ? ಬರ್ರಿ, ಎಲ್ಲಾರೂ ಫೇಲಾಗೂಣು.”

ಗೋಣಿ ಸುತ್ತಿಕೊಂಡ ಹೆಂಗಸರು ಒಬ್ಬೊಬ್ಬರಾಗಿ ಬಿಸಿಲಿಗೆ ಬಂದು, ಮೇಡಂ ಮೇಜಿನಿಂದ ಜೀಪಿನ ಗಾಲಿಯವರೆಗೂ ಸಾಲಾಗಿ ಕುಳಿತರು.