ಮಖಮಲ್ಲಿನ ಪರದೆಯೂ ನನ್ನ ಉಪವಾಸವೂ

ನಮ್ಮ ಅತ್ತೆಯ ಹೊಲಿಗೆ ಅಂಗಡಿಯಲ್ಲಿ ಕತ್ತರಿ ಕೈಗೆ ಬರುವುದೆಂದರೆ ಪಟ್ಟಾಭಿಷೇಕವಾದಂತೆ. ಅದಕ್ಕೆ ಮೊದಲು ವರ್ಷಗಟ್ಟಲೆ ಗುಂಡಿ ಹೊಲಿಯಬೇಕು. ನನಗೆ ಎಂದೋ ಸಿಕ್ಕಿತ್ತು. ನನ್ನ ಓರಗಿತ್ತಿಗೆ ಆಗಷ್ಟೇ ಸಿಕ್ಕಿತ್ತು. ಅದನ್ನವಳು ದಿನಕ್ಕೆ ನಾಲ್ಕು ಸಲ ಒರೆಸಿ ಇಡುತ್ತಿದ್ದಳು.

ಆಗ ಚರ್ಚಿನಿಂದ ಎರಡು ಪರದೆಗಳ ಕೆಲಸ ಬಂತು. ಕೆಂಪು ಮಖಮಲ್ಲು, ಕೆಳಗೆ ಕಮಾನಿನಂಥ ಅಂಚು. ಮಖಮಲ್ಲಿಗೆ ಬೆಕ್ಕಿನ ಮೈಯ ಹಾಗೆ ಕೂದಲಿನ ದಿಕ್ಕುಂಟು. ತಲೆಕೆಳಗು ಕತ್ತರಿಸಿದರೆ ಬಣ್ಣವೇ ಬೇರೆ ಕಾಣುತ್ತದೆ. ಒಂದನ್ನು ಅವಳು ಕತ್ತರಿಸಿದಳು, ಒಂದನ್ನು ನಾನು. ಅತ್ತೆ ಒಂದೊಂದಾಗಿ ಹೊಲಿದರು. ಭಾನುವಾರ ಬೋಧಕರ ಹಿಂದೆ ಎರಡೂ ತೂಗಿದಾಗ ಒಂದು ದಾಳಿಂಬೆ, ಇನ್ನೊಂದು ಬೀಟ್‌ರೂಟ್!

ಮಾತಿನ ಭರದಲ್ಲಿ ಬಟ್ಟೆ ತಿರುಗಿಸಿ ಹಾಸಿದವಳು ನಾನೇ ಎಂದು ಆ ಕ್ಷಣವೇ ನೆನಪಾಯಿತು.

"ಯಾರ ಕೈಚಳಕ ಇದು?" ಅತ್ತೆ ಅಂಗಡಿಯಲ್ಲಿ ಕೇಳಿದರು.

"ನಂದೇ ಇರ್ಬೇಕು ಅತ್ತೆ. ನಂಗಿನ್ನೂ ಕೈ ಕುದುರಿಲ್ಲ," ಎಂದಳು ಓರಗಿತ್ತಿ.

ನಾನು ಸುಳ್ಳು ಹೇಳಲಿಲ್ಲ. ಸುಮ್ಮನಿದ್ದೆ, ಅಷ್ಟೇ. ನಾನು ಸುಮ್ಮನಿರುವುದು ಎಷ್ಟು ಅಪರೂಪವೆಂದರೆ, ಅತ್ತೆಗೆ ಅಲ್ಲೇ ಅನುಮಾನ ಬರಬೇಕಿತ್ತು. ಬರಲಿಲ್ಲ. ಅವಳ ಕತ್ತರಿ ಪೆಟ್ಟಿಗೆ ಸೇರಿತು, ಅವಳು ಗುಂಡಿಗೆ ಕೂತಳು.

ನನ್ನ ಮನಸ್ಸಾಕ್ಷಿ ಹಲ್ಲುನೋವಿನಂತೆ ಹಿಡಿಯಿತು. ಬುಧವಾರ ಉಪವಾಸ ಮಾಡಿದೆ. ಸಾಲದೆಂದು ಶುಕ್ರವಾರವೂ ಮಾಡಿದೆ. ಬೆಳಿಗ್ಗೆ ಬೇಗ ಚರ್ಚಿಗೆ ಹೋಗಿ, ಆ ಪರದೆಗಳ ಎದುರೇ ಮಂಡಿಯೂರಿದೆ. ಚಹಕ್ಕೆ ಸಕ್ಕರೆ ಹಾಕುವುದನ್ನು ಬಿಟ್ಟೆ. ದೇವರಿಗೆ ಎಲ್ಲವನ್ನೂ ಬಿಡಿಸಿ ಹೇಳಿದೆ. ದೇವರಿಗೆ ಮೊದಲೇ ಗೊತ್ತಿತ್ತು. ಗೊತ್ತಿಲ್ಲದವಳು ನನ್ನ ಪಕ್ಕದ ಸ್ಟೂಲಿನ ಮೇಲೆ ಸೂಜಿಗೆ ದಾರ ಪೋಣಿಸುತ್ತಿದ್ದಳು.

ಮೂರನೆಯ ಭಾನುವಾರ ಬೋಧಕರು ನನ್ನ ಕಡೆ ಕೈ ತೋರಿಸಿ, "ಪ್ರಾರ್ಥನೆ ಅಂದ್ರೆ ಈ ತಂಗಿಯನ್ನ ನೋಡಿ ಕಲೀರಿ," ಎಂದುಬಿಟ್ಟರು. ಸಭೆಯೆಲ್ಲ ತಿರುಗಿತು. ನಾನು ತಲೆ ತಗ್ಗಿಸಿದೆ. ಅದನ್ನೂ ದೀನತೆ ಎಂದುಕೊಂಡರು.

ಮಾರನೆಯ ದಿನ ಓರಗಿತ್ತಿ ಸ್ಟೂಲು ಎಳೆದುಕೊಂಡು ಹತ್ತಿರ ಬಂದಳು.

"ಅಕ್ಕಾ, ನಂಗೂ ಉಪವಾಸ ಮಾಡೋದು ಹೇಳ್ಕೊಡು."

"ನಿಂಗ್ಯಾಕೇ? ಗಾಳಿಗೆ ಹಾರೋ ಹಾಗಿದೀಯ."

"ದೇವರ ಮನೆ ಪರದೆ ಕೆಡಿಸಿದೀನಲ್ಲ. ಎಷ್ಟು ಬೇಡಿದ್ರೂ ಸಮಾಧಾನ ಇಲ್ಲ. ನಿನ್ನಷ್ಟು ಭಕ್ತಿ ನಂಗಿಲ್ಲ ನೋಡು."

ನನ್ನ ಪಾಪಕ್ಕೆ ಅವಳು ಹಸಿದುಕೊಂಡಿರಲು ಹೊರಟಿದ್ದಳು! ಉಪವಾಸ ನನ್ನನ್ನು ದೇವರೆದುರು ನಿಲ್ಲಿಸಬೇಕಿತ್ತು. ನಾನು ಅದರ ಹಿಂದೆ ಅಡಗಿ ಕೂತಿದ್ದೆ.

"ಆ ಪರದೆ ನಿಂದಲ್ಲ ಕಣೇ," ಎಂದೆ. "ನಂದು. ಅವತ್ತೇ ಗೊತ್ತಿತ್ತು. ಬಾಯಿ ಬಿಡ್ಲಿಲ್ಲ. ಕ್ಷಮಿಸು."

ಅಂಗಡಿಯ ಯಂತ್ರ ನಿಂತಿತು. ಅತ್ತೆ ಕನ್ನಡಕ ಹಣೆಗೇರಿಸಿದರು. ಓರಗಿತ್ತಿ ಅಪ್ಪಿಕೊಂಡು ಅಳುತ್ತಾಳೆ ಎಂದುಕೊಂಡಿದ್ದೆ. ಅವಳು ಎದ್ದು ನಿಂತಳು.

"ಮೂರು ವಾರ ಅಕ್ಕಾ! ಬೆರಳೆಲ್ಲ ಜರಡಿ ಆಗಿದೆ! ನೀನು ಚರ್ಚಲ್ಲಿ ಹೊಗಳಿಸ್ಕೊಂಡು ಬಂದೆ!"

"ಹೌದು."

"ಕ್ಷಮಿಸ್ತೀನಿ. ಕ್ಷಮಿಸ್ಲೇಬೇಕಲ್ಲ. ಆದ್ರೆ ಇವತ್ತು ಕೇಳ್ಬೇಡ."

ಅತ್ತೆ ಕತ್ತರಿಯನ್ನು ಅವಳ ಕೈಗಿಟ್ಟು, ಗುಂಡಿಯ ಡಬ್ಬಿಯನ್ನು ನನ್ನ ಮುಂದೆ ಕುಕ್ಕಿದರು.

"ಎಷ್ಟು ದಿನ ಅತ್ತೆ?"

"ಅವಳನ್ನ ಕೇಳು."

ನಾನು ಕೋಟಿಗೆ ಹೊಲಿದ ಮೊದಲ ಗುಂಡಿಯನ್ನು ಅವಳು ಎಳೆದು ನೋಡಿದಳು. "ಇದು ಬಿಗಿ ಇಲ್ಲ. ಬಿಚ್ಚಿ ಮತ್ತೆ ಹೊಲಿ."

ಬಿಚ್ಚಿ ಮತ್ತೆ ಹೊಲಿದೆ. ಸೂಜಿ ಏರುವಾಗ "ಕರ್ತನೇ" ಎಂದೆ, ಇಳಿಯುವಾಗ "ಕರುಣಿಸು" ಎಂದೆ. ಮೂರು ವಾರ ಮಂಡಿ ಸವೆಸಿ ಹೇಳಿದ್ದು ಅದೇ ಮಾತು. ನನ್ನ ಕಿವಿಗೆ ಬಿದ್ದದ್ದು ಮಾತ್ರ ಅವತ್ತೇ.