ಮಂಗಳಕ್ಕೆ ಮುಂಚೆ ಏಳಬಾರದು

ಕಾವ್ಯ ಓದುವಾಗ ಮಂಗಳ ಹಾಡುವ ತನಕ ಯಾರೂ ಏಳಕೂಡದು. ಇದು ನಮ್ಮಪ್ಪ ಹಾಕಿದ್ದ ಕಟ್ಟಳೆ. ಮೈಸೂರಿನ ಮನೆಯಲ್ಲಿ ಅವರು ಗಮಕ ವಾಚನ ಮಾಡುತ್ತಿದ್ದರೆ, ಅರ್ಥವಾಗದ ವಯಸ್ಸಿನಲ್ಲೂ, ಕಾಲು ಜೋಮು ಹಿಡಿದರೂ ನಾನು ಅಲುಗುತ್ತಿರಲಿಲ್ಲ. ನನ್ನ ಯಜಮಾನರು ಸಂಪತ್ ಅವರ ಮನೆಯಲ್ಲಿ ಇಂಥ ಕಟ್ಟಳೆ ಇದ್ದಂತಿಲ್ಲ.

ಸಿಡ್ನಿಯ ಕ್ವೇಕರ್ಸ್ ಹಿಲ್‌ನಲ್ಲಿರುವ ಮಗಳು ನಿಕಿತಾಳ ಮನೆಗೆ ಬಂದಿದ್ದೆವು. ಅಲ್ಲೊಂದು ಟಿಬೆಟಿಯನ್ ಮಂದಿರದಲ್ಲಿ ಮಂತ್ರಪಠಣವಿದೆ ಎಂದು ಅವಳು ಹೇಳಿದ್ದೇ ನಾನು ಹಟ ಹಿಡಿದೆ.

"ಬೈಲುಕುಪ್ಪೆ ನಮ್ಮ ಪಕ್ಕದಲ್ಲೇ ಇದೆ ಕಣೇ. ಟಿಬೆಟ್ಟು ನೋಡೋಕೆ ಆಸ್ಟ್ರೇಲಿಯಾಗೆ ಬರ್ಬೇಕಿತ್ತಾ?" ಎಂದರು ಇವರು.

"ಅಲ್ಲಿಗೆ ಹೋದಾಗೆಲ್ಲ ಮೋಮೋ ತಿಂದು, ಫೋಟೊ ತೆಗೆದು, ಕಾರು ಹತ್ತಿಸಿಬಿಡ್ತೀರಲ್ಲ!"

ಪಠಣ ಶುರುವಾಯಿತು. ಲಾಮಾಗಳ ಸ್ವರ ಹೊಟ್ಟೆಯೊಳಗಿಂದ ಎದ್ದು ಬರುತ್ತಿತ್ತು. ನಾನು ಕಣ್ಣು ಮುಚ್ಚಿದೆ. ಇದ್ದಕ್ಕಿದ್ದಂತೆ ಪಠಣ ನಿಂತಿತು. ಕಣ್ಣು ಬಿಟ್ಟರೆ ಇವರು ಬುದ್ಧನ ಮುಂದೆ ಸಾಲಾಗಿ ಇಟ್ಟಿದ್ದ ನೀರಿನ ಬಟ್ಟಲೊಂದನ್ನು ಎತ್ತಿ, ಅಂಗೈಗೆ ಬಗ್ಗಿಸಿಕೊಂಡು ಕುಡಿದು, ಉಳಿದದ್ದನ್ನು ತಲೆಗೆ ಸವರಿಕೊಳ್ಳುತ್ತಿದ್ದರು!

"ತೀರ್ಥ ಅಂದ್ಕೊಂಡೆ. ಪಚ್ಚಕರ್ಪೂರ ಹಾಕಿಲ್ಲ ನೋಡು," ಎಂದರು.

"ಅಪ್ಪಾ, ಪ್ಲೀಸ್! ಲೆಟ್ಸ್ ಗೋ," ಎಂದು ನಿಕಿತಾ ಇಬ್ಬರನ್ನೂ ಹೊರಗೆ ಎಳೆದಳು. ಮಂಗಳ ಕೇಳಿಸಿಕೊಳ್ಳದೆ ಎದ್ದುಬಂದದ್ದು ಜೀವನದಲ್ಲಿ ಅದೇ ಮೊದಲು. ಅನ್ನ ಅರ್ಧಕ್ಕೇ ಬಿಟ್ಟು ಎದ್ದಂತಾಗಿತ್ತು.

ಮುಂದಿನ ವಾರ ನಿಕಿತಾ ಆಫೀಸಿನ ಕೆಲಸಕ್ಕೆ ಮೆಲ್ಬರ್ನ್‌ಗೆ ಹೊರಟಾಗ ನಾವೂ ಜೊತೆಯಾದೆವು. ಅಲ್ಲೂ ಒಂದು ಟಿಬೆಟಿಯನ್ ಮಂದಿರವಿತ್ತು. ಸಿಡ್ನಿಗೆ ವಾಪಸು ಹೊರಡುವ ದಿನ ಬೆಳಿಗ್ಗೆ ನಮ್ಮನ್ನು ಅಲ್ಲಿ ಬಿಟ್ಟು ಅವಳು ಕೆಲಸಕ್ಕೆ ಹೋದಳು.

"ಇವತ್ತು ಪೂರ್ತಿ ಕೇಳ್ಬೇಕು ನಾನು. ಏನೂ ಮುಟ್ಟಬೇಡಿ. ಮಾತಾಡ್ಬೇಡಿ," ಎಂದೆ.

"ಆಯ್ತು ಮಾರಾಯ್ತಿ. ಫ್ಲೈಟು ಮಾತ್ರ ನಿನ್ನ ಮಂಗಳಕ್ಕೆ ಕಾಯಲ್ಲ."

ಅರ್ಧ ಗಂಟೆ ಸುಮ್ಮನಿದ್ದರು. ಅಪ್ಪ ಷಟ್ಪದಿಯಿಂದ ಷಟ್ಪದಿಗೆ ದನಿ ಏರಿಸುತ್ತಿದ್ದಂತೆ ಇಲ್ಲೂ ಸ್ವರ ನಿಧಾನವಾಗಿ ಏರುತ್ತಿತ್ತು. ಅಷ್ಟರಲ್ಲಿ ಚಹಾ ಹಂಚುತ್ತಿದ್ದ ಲಾಮಾ ಬಗ್ಗಿ, "ಉಪ್ಪು ಹಾಕಿದೆ, ಪರವಾಗಿಲ್ವಾ?" ಎಂದು ಕನ್ನಡದಲ್ಲೇ ಪಿಸುಗುಟ್ಟಿದರು. ನಮ್ಮ ಮಾತು ಕಿವಿಗೆ ಬಿದ್ದಿರಬೇಕು.

"ಅರೆ! ಕನ್ನಡ!" ಇವರು ಮಂಡಿಯೂರಿ ಎದ್ದೇಬಿಟ್ಟರು. "ಯಾವೂರು ಸ್ವಾಮಿ?"

"ಬೈಲುಕುಪ್ಪೆ ಸಾರ್. ಅಲ್ಲೇ ಹುಟ್ಟಿದ್ದು."

"ನೋಡಿದ್ಯಾ? ನಾನು ಹೇಳ್ಲಿಲ್ವಾ! ಹುಣಸೂರು ರೋಡು ಈಗ ಹೇಗಿದೆ ಸ್ವಾಮಿ?" ಆಮೇಲೆ ಕುಶಾಲನಗರದ ಬಸ್‌ಸ್ಟ್ಯಾಂಡು, ಕಾವೇರಿ ನೀರು, ಮೋಮೋ. ಲಾಮಾ ತುಟಿಗೆ ಬೆರಳಿಟ್ಟರು. ಇವರಿಗೆ ಎಲ್ಲಿ ಕಾಣಬೇಕು!

"ಬಾಯಿ ಮುಚ್ರೀ ಸಾಕು!"

ಅದು ನನ್ನದೇ ಗಂಟಲು. ಇಡೀ ಮಂದಿರ ಸ್ತಬ್ಧವಾಯಿತು. ಈ ಸಲ ಪಠಣ ನಿಲ್ಲಿಸಿದವಳು ನಾನೇ. ಮುಖ ಎಲ್ಲಿಟ್ಟುಕೊಳ್ಳಲಿ?

ಹಿರಿಯ ಲಾಮಾ ನಗುತ್ತಾ ಏನೋ ಹೇಳಿ, ಗ್ರಂಥದ ಉದ್ದನೆಯ ಹಾಳೆಗಳನ್ನು ಹಿಂದಕ್ಕೆ ಮಗುಚಿದರು.

"ಅಮ್ಮನಿಗೋಸ್ಕರ ಮೊದಲಿಂದ ಓದ್ತಾರಂತೆ," ಎಂದರು ಬೈಲುಕುಪ್ಪೆಯವರು.

"ಮೊದಲಿಂದ್ಲಾ? ಲೇ, ಫ್ಲೈಟು!"

"ಹೋಗ್ಲಿ ಬಿಡಿ. ಬೇಕಾದ್ರೆ ನೀವು ಹೊರಡಿ."

ಸೆರಗು ಸರಿಮಾಡಿಕೊಂಡು ಕುಳಿತೆ. ಇವರು ಗೊಣಗುತ್ತಾ ಪಕ್ಕದಲ್ಲೇ ಕುಸಿದರು. ಸ್ವಲ್ಪ ಹೊತ್ತಿಗೆ ಲಾಮಾಗಳ ಸ್ವರದ ಕೆಳಗೆ ಇನ್ನೊಂದು ದನಿ ಸೇರಿತು. ಇವರ ಗೊರಕೆ! ಮೊಣಕೈಯಿಂದ ತಿವಿಯಲು ಹೋದವಳು ಕೈ ಹಿಂದೆಗೆದೆ. ಹಾಳಾದ್ದು, ಶ್ರುತಿಗೆ ಸರಿಯಾಗಿಯೇ ಇತ್ತು. ಮಂಗಳ ಮುಗಿದ ಮೇಲೆ ಎಬ್ಬಿಸಿದೆ.